‘ಹೊರಗಿನ ಪುಸ್ತಕ’ ಎಂದರೆ ಯಾವ ಪುಸ್ತಕ?

ಪ್ರಶ್ನೆ: ‘ಹೊರಗಿನ ಪುಸ್ತಕ’ಗಳನ್ನು ಓದಿದವನಿಗೆ ಪರಲೋಕದಲ್ಲಿ ಪಾಲಿಲ್ಲವೆಂದು ಪ್ರಾಚೀನ ಯೆಹೂದಿ ಧರ್ಮಗುರು ರಬ್ಬಿ ಅಕಿವಾ ಹೇಳಿದ್ದಾರೆ. ಹಾಗಾದರೆ ಯೆಹೂದಿಗಳು ಮನಃಶಾಸ್ತ್ರದ ಪುಸ್ತಕಗಳನ್ನು ಓದಬಾರದೆ?

ಉತ್ತರ: ಈ ಒಂದೇ ಮಾತನ್ನು ಹಿಡಿದುಕೊಂಡ ಪತ್ರಗಳು ನನಗೆ ಮತ್ತೆ ಮತ್ತೆ ಬರುತ್ತವೆ, ಅದರ ಮೇಲಿನ ಚರ್ಚೆಯನ್ನು ಓದಿ ಬರೆದವರನ್ನು ನಾನಿನ್ನೂ ಕಂಡಿಲ್ಲ. ಯೆಹೂದಿಗಳ ಪ್ರಾಚೀನ ಧರ್ಮಸಂಹಿತೆಯಾದ ಮಿಶ್ನಾದಲ್ಲಿರುವ ಈ ಮಾತಿಗೆ, ಅದರ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ‘ಧರ್ಮದ್ರೋಹಿಗಳ ಗ್ರಂಥಗಳು’ ಎಂದು ಅರ್ಥ ಹೇಳುತ್ತದೆ. ಅಲ್ಲಿಯೇ ರಾವ್ ಯೋಸೆಫ್ ಎಂಬ ಪಂಡಿತರು, ಬೆನ್ ಸಿರಾ ಎಂಬವನ ನೀತಿಗ್ರಂಥವೂ ಕೂಡದೆನ್ನುತ್ತಾರೆ. ಆದರೆ ಅದರೊಳಗಿನ ಒಳ್ಳೆಯ ಮಾತುಗಳನ್ನು ಬೋಧಿಸಬಹುದೆಂದು ಒಪ್ಪುವವರೂ ಅವರೇ. 12ನೆಯ ಶತಮಾನದ ಯೆಹೂದಿ ಧರ್ಮಪಂಡಿತ ಮೈಮೊನಿಡೀಸ್, ತಮ್ಮ ‘ಎಂಟು ಅಧ್ಯಾಯಗಳು’ ಕೃತಿಯಲ್ಲಿ ಪೋಷಣೆ, ಇಂದ್ರಿಯಜ್ಞಾನ, ಕಲ್ಪನೆ, ಇಚ್ಛೆ, ವಿವೇಚನೆ ಎಂದು ಆತ್ಮದ ಐದು ಶಕ್ತಿಗಳನ್ನು ವಿವರಿಸುವಾಗ ತತ್ತ್ವಜ್ಞಾನಿಗಳಿಂದಲೂ ವಿಚಾರಗಳನ್ನು ಪಡೆದಿದ್ದಾರೆ. ಸತ್ಯವನ್ನು ಯಾರು ಹೇಳಿದರೂ ಸ್ವೀಕರಿಸಬೇಕೆಂದು ಮುನ್ನುಡಿಯಲ್ಲೇ ಸಾರಿದ್ದಾರೆ. ಇಷ್ಟಕ್ಕೇ ಎಲ್ಲಕ್ಕೂ ಅನುಮತಿ ಸಿಕ್ಕಿತೆಂದು ಹಿಗ್ಗಬೇಡಿ: ವಿಗ್ರಹಾರಾಧನೆಯ ಗ್ರಂಥಗಳನ್ನು ಓದಬಾರದೆಂದು ವಿಧಿಸಿದವರೂ ಅವರೇ. 1305ರಲ್ಲಿ ಬಾರ್ಸಿಲೋನಾದ ರಬ್ಬಿ ಶ್ಲೋಮೋ ಬೆನ್ ಅದ್ರೆತ್ ಮತ್ತು ಅವರ ಸಂಗಡಿಗರು 25 ವರ್ಷ ತುಂಬದವರಿಗೆ ಗ್ರೀಕ್ ತತ್ತ್ವಶಾಸ್ತ್ರವನ್ನು ನಿಷೇಧಿಸಿದರು. ಆದರೆ ವೈದ್ಯಶಾಸ್ತ್ರವನ್ನು ಆ ನಿಷೇಧದಿಂದ ಹೊರಗಿಟ್ಟರು. 16ನೆಯ ಶತಮಾನದ ಕ್ರಾಕೋವಿನ ರಬ್ಬಿ ಮೋಶೆ ಇಸ್ಸೆರ್ಲಿಸ್, ಇತರ ವಿದ್ಯೆಗಳನ್ನು ಆಗಾಗ ಓದಬಹುದು, ಧರ್ಮದ್ರೋಹದ ಗ್ರಂಥಗಳು ಮಾತ್ರ ಕೂಡವು ಎಂದರು. ‘ಅನ್ಯ ಜನಾಂಗಗಳಲ್ಲಿ ಜ್ಞಾನವಿದೆ ಎಂದರೆ ನಂಬು, ತೋರಾ ಇದೆ ಎಂದರೆ ನಂಬಬೇಡ’ ಎಂಬ ಮಿದ್ರಾಷಿನ, ಅಂದರೆ ಪ್ರಾಚೀನ ಧರ್ಮಗ್ರಂಥ ವ್ಯಾಖ್ಯಾನದ, ಮಾತನ್ನೇ ನಾನು ಅಳತೆಗೋಲಾಗಿ ಬಳಸುತ್ತೇನೆ; ತೋರಾ ಎಂದರೆ ದೇವರು ಕೊಟ್ಟ ಧರ್ಮೋಪದೇಶ. ಭಯ, ನಿದ್ರೆ, ನೆನಪು ಹೇಗೆ ನಡೆಯುತ್ತವೆಂದು ಹೇಳುವ ಪುಸ್ತಕ ಜ್ಞಾನದ ಪಾಲು; ‘ನೆಶಾಮಾ’, ಅಂದರೆ ದೇವರು ಊದಿದ ಆತ್ಮ, ಬರಿಯ ಕಟ್ಟುಕಥೆಯೆನ್ನುವ ಪುಸ್ತಕವು ಅಳೆದು ನೋಡಿದ ವಿಷಯವನ್ನು ಬಿಟ್ಟು ಧರ್ಮೋಪದೇಶಕ್ಕೆ ಇಳಿದಿರುತ್ತದೆ. ಒಂದೇ ಪುಸ್ತಕದಲ್ಲಿ ಎರಡೂ ಬೆರೆತಿರುವುದೇ ಹೆಚ್ಚು. ಆದ್ದರಿಂದ, ಅತಿ ಎಚ್ಚರವೆಂದು ಕೆಲವರು ನಕ್ಕರೂ, ಧರ್ಮವು ಭ್ರಮೆಯೆಂದು ವಾದಿಸುವ ಮನೋವಿಶ್ಲೇಷಣೆಯ ಜನಕ ಫ್ರಾಯ್ಡರ 1927ರ ಕೃತಿಯನ್ನು ಹೊಸ ವಿದ್ಯಾರ್ಥಿಯ ಕೈಗೆ ನಾನು ಮೊದಲು ಕೊಡುವುದಿಲ್ಲ.

ಪ್ರಶ್ನೆ: ಫ್ರಾಯ್ಡ್ ಯೆಹೂದಿಯಾಗಿದ್ದರಿಂದ ಮನೋವಿಶ್ಲೇಷಣೆ ಯೆಹೂದಿ ಧರ್ಮದ ಶಾಸ್ತ್ರವಲ್ಲವೆ?

ಉತ್ತರ: ಅಲ್ಲ, ಅವರು ತಮ್ಮನ್ನು ದೇವರನ್ನು ನಂಬದ ಯೆಹೂದಿಯೆಂದೇ ಕರೆದುಕೊಂಡಿದ್ದರು.

ಪ್ರಶ್ನೆ: ಖಿನ್ನತೆಗೆ, ಯೆಹೂದಿ ಅನುಭಾವ ಪರಂಪರೆಯಾದ ಕಬ್ಬಾಲಾದ ಕೆಂಪು ದಾರ ಕಟ್ಟಿಕೊಳ್ಳಬಹುದೆ?

ಉತ್ತರ: ದಾರ ಮಾರಿ ಹಣ ಕೀಳುವವರಿಗೆ ಕಬ್ಬಾಲಾದ ಒಂದು ಪುಟವನ್ನಾದರೂ ಓದಿ ಹೇಳಲು ತಿಳಿಸಿ, ಆಮೇಲೆ ಅವರ ಮುಖ ನೋಡಿ. ಪ್ರಾಣಾಪಾಯವಿದ್ದರೆ ಸಬ್ಬತ್ತಿನ, ಅಂದರೆ ವಾರದ ಪವಿತ್ರ ವಿಶ್ರಾಂತಿದಿನದ, ವಿಧಿಯನ್ನೂ ಬದಿಗಿಡಬೇಕೆನ್ನುವ ಧರ್ಮವಿದು. ಇಂದೇ ಮನೋವೈದ್ಯರನ್ನು ಕಾಣಿರಿ.