ಪಹಣಿ ಇಲ್ಲದವರ ಲೆಕ್ಕ ಎಲ್ಲಿ?

ಓದುಗರ ಪತ್ರ: "ಹೋದ ತಿಂಗಳು ದೇಶದ ಹವಾಮಾನ ನೀತಿ ಬಗ್ಗೆ ನೀವು ಬರೆದದ್ದು ಓದಿದೆ. ಬಡವರು, ಮಹಿಳೆಯರು ಅಂತ ಮೂರ್ನಾಲ್ಕು ಕಡೆ ಬರುತ್ತೆ. ನಮ್ಮ ಕಡೆ ಕಡ್ಲೆಕಾಯಿ ಹೊಲದಲ್ಲೆಲ್ಲ ಈಗ ಸೋಲಾರ್ ಇದೆ. ಹೊಲದವರಿಗೆ ವರ್ಷಕ್ಕೆ ಬಾಡಿಗೆ ಬರುತ್ತೆ. ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಾನು, ಮೇಯಿಸಲು ಜಾಗ ಇಲ್ಲದೆ ಮೇಕೆ ಮಾರಿದೆ. ನಿಮ್ಮ ನೀತಿಯಲ್ಲಿ ನಾನು ಎಲ್ಲಿದ್ದೀನಿ?"
– ಪಾವಗಡ ತಾಲ್ಲೂಕಿನ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಅಕ್ಕ, ನಮಸ್ಕಾರ.

ನೀವು ಕೇಳಿದ ಪ್ರಶ್ನೆಯನ್ನು ನಮ್ಮ ಲೇಖನವೇ ಕೇಳಬೇಕಿತ್ತು. ಕೇಳಲಿಲ್ಲ, ಅದು ನಮ್ಮ ತಪ್ಪು.

ಕಾಗದದ ಮೇಲೆ ನೀವು ಇದ್ದೀರಿ. ಕೇಂದ್ರ ಸರ್ಕಾರ 2008ರ ಜೂನ್‌ನಲ್ಲಿ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. ನೀರು ಕಮ್ಮಿಯಾದರೆ, ಸೌದೆ ಸಿಗದಿದ್ದರೆ ಮನೆಯ ಹೆಂಗಸರಿಗೂ ಮಕ್ಕಳಿಗೂ ಕಷ್ಟ ಜಾಸ್ತಿ ಎಂದು ಅದರಲ್ಲೇ ಇದೆ. ಬರೆದವರಿಗೆ ಗೊತ್ತಿತ್ತು. ಆ ಯೋಜನೆಯ ಎಂಟು ಮಿಷನ್‌ಗಳಲ್ಲಿ ಮೊದಲನೆಯದು ಸೋಲಾರ್. ಅದು ನಿಮ್ಮ ಊರಿಗೆ ಬಂತು, ಹೆಂಗಸರ ಕಷ್ಟದ ಆ ಮಾತು ಮಾತ್ರ ಬರಲಿಲ್ಲ.

ತಿರುಮಣಿ, ವಳ್ಳೂರು ಮತ್ತು ಸುತ್ತಲಿನ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಕೈಕೊಡುವ ನೆಲಕ್ಕೆ ಇದು ಒಳ್ಳೆಯ ದುಡ್ಡೇ. ಜಮೀನೂ ರೈತರ ಹೆಸರಲ್ಲೇ ಉಳಿಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ. ಬಾಡಿಗೆ ಹೋಗುವುದು ಪಹಣಿಯ ಹಿಂದೆ. ಒಂದು ಹೊಲ ಅಂದರೆ ಅದರ ಒಡೆಯ ಮಾತ್ರ ಅಲ್ಲ, ಅಲ್ವಾ? ಬಿತ್ತನೆಗೆ ಬರುವವರು, ಕಳೆ ತೆಗೆಯುವವರು, ಗಿಡ ಕಿತ್ತು ಕಾಯಿ ಬಿಡಿಸುವವರು, ಹೆಚ್ಚಿನವರು ಹೆಂಗಸರೇ. ಒಕ್ಕಣೆ ಆದ ಮೇಲೆ ಹಕ್ಕಲು ಆಯುವವರು. ಬದುವಿನಲ್ಲಿ ಮೇಯುವ ಮೇಕೆ. ಒಲೆಗೆ ಆಗುವ ಪುಳ್ಳೆ. ಇದ್ಯಾವುದೂ ಪಹಣಿಯಲ್ಲಿ ಇಲ್ಲ. ಹಾಗಾಗಿ ಯಾರೂ ಇದಕ್ಕೆ ಬೆಲೆ ಕಟ್ಟಲಿಲ್ಲ.

ನನಗೆ ಹೆಚ್ಚು ನೋವಾಗುವುದು ಇಲ್ಲಿ. ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕಾನೂನು ಈಗಾಗಲೇ ಇದೆ. 2013ರ ಭೂಸ್ವಾಧೀನ ಕಾಯ್ದೆ ಓದಿ. ಜಮೀನು ಇಲ್ಲದಿದ್ದರೂ, ಆ ಜಾಗದಲ್ಲಿ ಮೂರು ವರ್ಷದಿಂದ ಕೂಲಿ ಮಾಡಿಯೋ ವಾರಕ್ಕೆ (ಬೆಳೆಯಲ್ಲಿ ಪಾಲಿನ ಕರಾರಿಗೆ) ಉತ್ತೋ ಬದುಕುವ ಕುಟುಂಬವನ್ನೂ ಅದು 'ಬಾಧಿತ ಕುಟುಂಬ' ಎನ್ನುತ್ತದೆ. ಸರ್ಕಾರ ಆ ನೆಲವನ್ನು ಸ್ವಾಧೀನ ಮಾಡಿಕೊಂಡಿದ್ದರೆ ನಿಮ್ಮ ಹೆಸರು ಬರೆದುಕೊಳ್ಳಬೇಕಿತ್ತು. ಗುತ್ತಿಗೆ ಆದ್ದರಿಂದ ಆ ಕಾಯ್ದೆ ಹತ್ತಿರಕ್ಕೇ ಬರಲಿಲ್ಲ. ಇನ್ನು, ಸೋಲಾರ್ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲ. ಆ ಅನುಮತಿಗಾಗಿ ನಡೆಯುವ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಕೂಲಿ ಹೆಂಗಸು ಎದ್ದು ನಿಂತು ಮಾತಾಡಬಹುದಾಗಿದ್ದ ಒಂದು ಜಾಗವೂ ಹೋಯಿತು.

ಜಮೀನಿರುವ ಮನೆಯ ಹೆಂಗಸರ ಪಾಡೂ ಬಹಳ ಬೇರೆ ಅಲ್ಲ. 2015-16ರ ಕೃಷಿ ಗಣತಿ ಪ್ರಕಾರ ದೇಶದಲ್ಲಿ ನೂರು ಹಿಡುವಳಿಗಳಲ್ಲಿ ಮಹಿಳೆಯರದ್ದು ಸುಮಾರು ಹದಿನಾಲ್ಕು. ನಮ್ಮ ರಾಜ್ಯ 1994ರಲ್ಲೇ, ಆಗ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ. ಆದರೂ ಗಂಡ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ ಆಗದೆ, ಅಂದರೆ ಜಮೀನು ತಮ್ಮ ಹೆಸರಿಗೆ ಬಾರದೆ ಅಲೆಯುವವರು ಇದ್ದಾರೆ. ಖಾತೆ ಆಗದಿದ್ದರೆ ಬೆಳೆನಷ್ಟದ ಪರಿಹಾರವೂ ಕೈಗೆ ಸಿಗುವುದು ಕಷ್ಟ.

ಹಾಗಾದರೆ ನ್ಯಾಯ ಅಂದರೆ ಏನು? ನನ್ನ ಪ್ರಕಾರ ಎಣಿಕೆಯಿಂದ ಶುರುವಾಗಬೇಕು. 2007ರ ರಾಷ್ಟ್ರೀಯ ರೈತ ನೀತಿ ಕೃಷಿ ಕೂಲಿಗಳನ್ನೂ, ವಾರಕ್ಕೆ ಮಾಡುವವರನ್ನೂ, ದನ-ಕುರಿ ಸಾಕುವವರನ್ನೂ 'ರೈತ' ಎಂದೇ ಕರೆದಿದೆ. ಆ ಅರ್ಥವನ್ನೇ ಹವಾಮಾನ ಯೋಜನೆಗಳೂ ಹಿಡಿಯಲಿ. ಕೊಂಡರೂ ಸರಿ, ಗುತ್ತಿಗೆಗೆ ಪಡೆದರೂ ಸರಿ, ಒಂದು ಪ್ಯಾನಲ್ ಕೂರಿಸುವ ಮೊದಲು ಆ ನೆಲದಲ್ಲಿ ದುಡಿದು ಉಣ್ಣುವವರು ಯಾರು ಎಂದು ಗ್ರಾಮಸಭೆಯಲ್ಲಿ ಪಟ್ಟಿ ಆಗಲಿ. ಹೆಂಗಸರ ಹೆಸರು ಗಂಡನ ಹೆಸರಿನ ಕೆಳಗೆ ಅಲ್ಲ, ಬೇರೆಯಾಗಿ ಇರಲಿ. ವಿದ್ಯುತ್ ಮಾರಿದ ದುಡ್ಡಿನಲ್ಲಿ ಆ ಪಟ್ಟಿಯವರಿಗೂ ವರ್ಷ ವರ್ಷ ಪಾಲು ಬರಲಿ. ಹುಲ್ಲು ಕತ್ತರಿಸುವ, ಪ್ಯಾನಲ್ ತೊಳೆಯುವ ಕೆಲಸ ಕೊಟ್ಟೆವು ಎಂದರೆ ಸಾಲದು. ಹೊಲಕ್ಕೆ ಬೇಕಿದ್ದಷ್ಟು ಕೈ ಅಲ್ಲಿ ಬೇಕಾಗುವುದಿಲ್ಲ.

ದೇಶ 2070ರ ಹೊತ್ತಿಗೆ ಇಂಗಾಲದ ಹೊರೆಯನ್ನು ನಿವ್ವಳ ಸೊನ್ನೆಗೆ, ಅಂದರೆ ಗಾಳಿಗೆ ಬಿಟ್ಟಷ್ಟನ್ನೂ ಹೀರಿಕೊಳ್ಳುವ ಮಟ್ಟಕ್ಕೆ ಇಳಿಸುವುದಾಗಿ ಮಾತು ಕೊಟ್ಟಿದೆ. ಅದು ಆಗಲೇಬೇಕು. ಮಳೆ ತಪ್ಪಿದರೆ ಮೊದಲು ಉಪವಾಸ ಬೀಳುವುದು ನಿಮ್ಮಂಥ ಮನೆಗಳೇ. ಅಂದರೆ ಇನ್ನಷ್ಟು ಪಾರ್ಕ್‌ಗಳು ಬರುತ್ತವೆ, ಇನ್ನಷ್ಟು ಒಣಭೂಮಿ ಪ್ಯಾನಲ್ ಕೆಳಗೆ ಹೋಗುತ್ತದೆ.

ಅಕ್ಕ, ಒಂದು ಕೇಳಿಕೊಳ್ಳುತ್ತೇನೆ. ಪಾರ್ಕ್ ಬರುವ ಮೊದಲು ನಿಮ್ಮ ಕೇರಿಯಿಂದ ಎಷ್ಟು ಜನ ಹೆಂಗಸರು ಕೂಲಿಗೆ ಹೋಗುತ್ತಿದ್ದಿರಿ, ವರ್ಷಕ್ಕೆ ಎಷ್ಟು ದಿನ ಕೆಲಸ ಸಿಗುತ್ತಿತ್ತು, ಎಷ್ಟು ಮನೆಯಲ್ಲಿ ಮೇಕೆ ಇತ್ತು, ಈಗ ಎಷ್ಟಿದೆ? ಎಲ್ಲರೂ ಕೂತು ನೆನಪು ಮಾಡಿ ಬರೆದು ಕಳಿಸಿ. ಯಾರ ಹೆಸರೂ ಹಾಕದೆ, ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಅದನ್ನೇ ಅಚ್ಚು ಹಾಕುತ್ತೇವೆ.

– ಸಂಪಾದಕ