ಅಪ್ಪನ ವೈಂಡಿಂಗ್ ಅಂಗಡಿ ನಾನು ನಡೆಸಬಹುದಾ?

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಹೊಸನಗರ ತಾಲೂಕಿನ ಹಳ್ಳಿ. ಪಿಯುಸಿ ಓದಿದ್ದೇನೆ. ಮಗಳು ಒಂದನೇ ಕ್ಲಾಸು. ನಮ್ಮ ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ಅಪ್ಪನಿಗೆ ರಿಪ್ಪನ್‌ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಸರಿ ಮಾಡುವ ಕೆಲಸ. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಕಾಯಿಲ್ ಸುತ್ತುತ್ತಿದ್ದೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಸರಿ ಇದೆ, ಬಲಗೈ ಏಳುವುದಿಲ್ಲ. ಅಂಗಡಿ ಮುಚ್ಚಿದೆ. ಸಾಮಾನೆಲ್ಲ ಮಾರಿಬಿಡೋಣ ಅಂತ ಬೆಂಗಳೂರಿನಲ್ಲಿರುವ ಅಣ್ಣ ಹೇಳುತ್ತಿದ್ದಾನೆ. ನನಗೆ ಆ ಕೆಲಸ ಪೂರ್ತಿ ಕಲಿತು ಅಂಗಡಿ ತೆರೆಯಬೇಕು ಅಂತ ಆಸೆ. ಹೋದ ತಿಂಗಳು ಪಕ್ಕದ ಮನೆಯವರ ಪಂಪ್ ಸರಿ ಮಾಡಿದೆ. ಕೆಪಾಸಿಟರ್ ಹೋಗಿತ್ತು. ಅವರು ದುಡ್ಡು ತಂದು ನಮ್ಮ ಮನೆಯವರ ಕೈಲಿ ಕೊಟ್ಟು ಹೋದರು. ‘ಊರ ಗಂಡಸರ ಮೋಟಾರ್ ಬಿಚ್ಚೋಕೆ ನಮ್ಮನೆ ಸೊಸೆನೇ ಆಗಬೇಕಾ?’ ಅನ್ನುತ್ತಾರೆ ಅತ್ತೆ. ಮನೆಯವರು ಬೇಡ ಅನ್ನುವುದಿಲ್ಲ, ಹೂಂ ಅನ್ನುವುದೂ ಇಲ್ಲ. ಶಿವಮೊಗ್ಗದ ಆಚೆಯ ಮಾಚೇನಹಳ್ಳಿ ಗಾರ್ಮೆಂಟ್ಸ್‌ಗೆ ಸೇರಿಕೋ, ತಿಂಗಳಾದರೆ ಸಂಬಳ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ನಿನ್ನ ಕಾಗದದಲ್ಲಿ ಎಲ್ಲರ ಮಾತೂ ಇದೆ. ಅಣ್ಣ ಏನಂದ, ಅತ್ತೆ ಏನಂದರು, ಊರವರು ಏನು ಹೇಳುತ್ತಾರೆ, ಎಲ್ಲ ಬರೆದಿದ್ದೀಯ. ಅಪ್ಪ ಏನಂದರು ಅಂತ ಒಂದು ಸಾಲೂ ಇಲ್ಲ. ಕೇಳಿಲ್ಲ ಅನ್ನಿಸುತ್ತೆ. ಮೊದಲು ಮಾಡಬೇಕಾದ್ದು ಅದೇ. ಸಾಮಾನು ಅಪ್ಪನದು. ಅವರು ಬದುಕಿದ್ದಾರೆ, ಬುದ್ಧಿ ಮಾತು ಎರಡೂ ಸರಿ ಇದೆ. ಮಾರುವುದೋ ಮಗಳಿಗೆ ಕೊಡುವುದೋ ಅಂತ ಹೇಳಬೇಕಾದವರು ಅವರು. ಅಣ್ಣನೂ ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಮುಚ್ಚಿದ ಅಂಗಡಿಯ ಬಾಡಿಗೆ, ತುಕ್ಕು ಹಿಡಿಯುವ ಸಾಮಾನು, ಅವನಿಗೆ ಕಾಣುವುದು ಅಷ್ಟೇ. ಈ ಭಾನುವಾರ ರಿಪ್ಪನ್‌ಪೇಟೆಗೆ ಹೋಗು. ಮಗಳನ್ನೂ ಕರೆದುಕೊಂಡು ಹೋಗು. ಅಪ್ಪನ ಎದುರು ಕೂತು, ನಾನು ನಡೆಸುತ್ತೇನೆ, ನೀವು ಹೇಳಿಕೊಡಿ ಅಂತ ಕೇಳು.

ಅಲ್ಲಿಗೆ ಹೋದಾಗ ಅಪ್ಪನ ನೋಟ್‌ಬುಕ್ ಹುಡುಕು. ವೈಂಡಿಂಗ್ ಮಾಡುವವರು ಹಳೆಯ ಕಾಯಿಲ್ ಬಿಚ್ಚುವಾಗ ಎಷ್ಟು ಸುತ್ತು ಇತ್ತು, ತಂತಿ ಯಾವ ಗೇಜು (ದಪ್ಪ), ಮೋಟಾರಿನೊಳಗೆ ತಂತಿ ಕೂರುವ ಸಂದುಗಳಲ್ಲಿ, ಅಂದರೆ ಸ್ಲಾಟ್‌ಗಳಲ್ಲಿ, ಯಾವ ಸ್ಲಾಟ್‌ನಿಂದ ಯಾವ ಸ್ಲಾಟ್‌ಗೆ ಹೋಗಿದೆ ಅಂತ ಬರೆದಿಟ್ಟುಕೊಳ್ಳುತ್ತಾರೆ. ಯಾವ ಕಂಪನಿಯ, ಎಷ್ಟು ಎಚ್‌ಪಿ ಮೋಟಾರಿಗೆ ಏನು ಲೆಕ್ಕ ಅಂತ ಅದರಲ್ಲಿ ಸಿಗುತ್ತದೆ. ವೈಸು, ಕಾಯಿಲ್ ಸುತ್ತುವ ಮಷಿನ್ ಎಲ್ಲ ದುಡ್ಡು ಕೊಟ್ಟರೆ ಮತ್ತೆ ಸಿಗುತ್ತವೆ. ಆ ಪುಸ್ತಕ ಸಿಗುವುದಿಲ್ಲ. ಹಳೆಯ ರದ್ದಿ ಅಂತ ಯಾರಾದರೂ ಎಸೆಯುವ ಮೊದಲು ಅದನ್ನು ನಿನ್ನ ಮನೆಗೆ ತಂದಿಟ್ಟುಕೋ. ಓದಲು ಬಾರದ ಕಡೆ ಅಪ್ಪನನ್ನೇ ಕೇಳು.

ಈಗ ಕಲಿಯುವ ವಿಷಯ. ಅಪ್ಪ ಬಾಯಲ್ಲಿ ಹೇಳಿ ನೀನು ಕೈಯಲ್ಲಿ ಮಾಡಿದರೆ ಅರ್ಧ ಕೆಲಸ ಬಂದ ಹಾಗೇ. ಆದರೂ ತರಬೇತಿಗೆ ಹೋಗು. ಆರ್‌ಸೆಟಿ ಹೆಸರು ಕೇಳಿರುತ್ತೀಯ, ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ. ಈ ಮಾದರಿ ಹುಟ್ಟಿದ್ದೇ ನಮ್ಮ ಘಟ್ಟದ ಕೆಳಗೆ, 1982ರಲ್ಲಿ ಉಜಿರೆಯಲ್ಲಿ. ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಅಂತ ಶುರು ಮಾಡಿದರು. ಅದನ್ನು ನೋಡಿಯೇ ದೇಶದ ಬೇರೆ ಜಿಲ್ಲೆಗಳಲ್ಲೂ ಆರ್‌ಸೆಟಿ ಬಂದವು. ಅಲ್ಲಿ ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಅಂತಲೇ 30 ದಿನದ ತರಬೇತಿ ಇದೆ. ಊಟ, ವಸತಿ ಎಲ್ಲ ಉಚಿತ. ನಿನ್ನ ವಯಸ್ಸಿಗೆ ತೊಂದರೆ ಇಲ್ಲ. ಮುಗಿದ ಮೇಲೆ ಕೈಬಿಡುವುದಿಲ್ಲ, ಸಾಲ ಕೊಡಿಸುವುದಕ್ಕೆ, ಅಂಗಡಿ ನಿಲ್ಲಿಸುವುದಕ್ಕೆ 2 ವರ್ಷದವರೆಗೆ ಬೆನ್ನಿಗಿರುತ್ತಾರೆ. ಸರ್ಟಿಫಿಕೇಟ್ ಇದ್ದರೆ ಬ್ಯಾಂಕಿನಲ್ಲಿ ಮಾತು ಸಲೀಸು. ಅದಕ್ಕಿಂತ ಮುಖ್ಯ, ಅಪ್ಪ ಕೆಲಸ ಕಲಿತ ಕಾಲದಲ್ಲಿ ಅಷ್ಟಾಗಿ ಇರದ, ಬೋರಿನೊಳಗೆ ಇಳಿಸುವ ಸಬ್‌ಮರ್ಸಿಬಲ್ ಪಂಪ್, ಪ್ಯಾನೆಲ್ ಬೋರ್ಡ್ ಕೆಲಸ ಈಗ ಬೇಕು. ಬೋರ್‌ವೆಲ್ ಇಲ್ಲದ ತೋಟ ಎಲ್ಲಿದೆ ಹೇಳು?

ಐಟಿಐ ಎಲೆಕ್ಟ್ರಿಷಿಯನ್ ಕೂಡ ಒಳ್ಳೆಯದೇ. 10ನೇ ತರಗತಿ ಪಾಸಾಗಿದ್ದರೆ ಸಾಕು, 2 ವರ್ಷದ ಕೋರ್ಸು. ವಯಸ್ಸಾಯಿತು ಅಂತ ಐಟಿಐಗೆ ಹೋಗದೆ ಕೂರುವವರು ಬಹಳ ಮಂದಿ. ಅಲ್ಲಿ ಕನಿಷ್ಠ ವಯಸ್ಸು 14, ಇಷ್ಟರೊಳಗೇ ಸೇರಬೇಕು ಅಂತ ಮೇಲಿನ ಮಿತಿ ಇಲ್ಲ. ಆದರೆ ನಿನಗೆ ಈಗಲೇ ಅದನ್ನು ಹೇಳುವುದಿಲ್ಲ. ದಿನಾ ಬಸ್ಸು, ಚಿಕ್ಕ ಮಗಳು, 2 ವರ್ಷ ಸಂಪಾದನೆ ಇಲ್ಲ, ಜೊತೆಗೆ ಮನೆಯವರ ಅರ್ಧ ಮನಸ್ಸು. ಮೊದಲು ಆ 30 ದಿನ ಮುಗಿಸು, ಒಂದು ಬೇಸಿಗೆ ಅಂಗಡಿ ನಡೆಸು. ಆಮೇಲೂ ಮನಸ್ಸಿದ್ದರೆ ಐಟಿಐ ಇದ್ದೇ ಇದೆ. ಮುಂದೆ ಮನೆ ವೈರಿಂಗ್ ಹಿಡಿಯುವ ಆಲೋಚನೆ ಇದ್ದರೆ ಅದು ಬೇರೆಯೇ ದಾರಿ. ಹೊಸ ಮನೆಗೆ ಕರೆಂಟ್ ಕಂಪನಿ ಮೆಸ್ಕಾಂನ ಮೀಟರ್ ಬರಬೇಕು ಅಂದರೆ ಲೈಸೆನ್ಸ್ ಇರುವ ಗುತ್ತಿಗೆದಾರರು ಕೆಲಸ ಮಾಡಿರಬೇಕು. ಸದ್ಯಕ್ಕೆ ಅದಕ್ಕೆ ಕೈ ಹಾಕಬೇಡ.

ಗಾರ್ಮೆಂಟ್ಸ್ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ತಿಂಗಳ ಸಂಬಳ, ಪಿಎಫ್, ಇಎಸ್ಐ, ಇದರಿಂದ ಎಷ್ಟೋ ಮನೆ ನಡೆಯುತ್ತಿದೆ. ಮನೆಯಲ್ಲಿ ಸಾಲದ ಕಂತು ಕಟ್ಟಲೇಬೇಕಾದ ಸ್ಥಿತಿ ಇದ್ದರೆ ಅದನ್ನೂ ಯೋಚಿಸು. ಆದರೆ ನಿಮ್ಮ ಹಳ್ಳಿಯಿಂದ ರಿಪ್ಪನ್‌ಪೇಟೆ, ಆಯನೂರು, ಶಿವಮೊಗ್ಗ, ಅಲ್ಲಿಂದ ಮತ್ತೆ ಭದ್ರಾವತಿ ರಸ್ತೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಸರಿ. ನಮ್ಮ ಕಡೆ ಓಡಾಡುವುದು ಖಾಸಗಿ ಬಸ್ಸೇ ಜಾಸ್ತಿ ಅಲ್ವಾ? ಮಗಳು ಏಳುವ ಮೊದಲೇ ಮನೆ ಬಿಟ್ಟು ಕತ್ತಲಾದ ಮೇಲೆ ಬರುವ ಕೆಲಸ ಅದು. ಬಾರದೇ ಇರುವ ಕೆಲಸವನ್ನು ಹೊಸದಾಗಿ ಕಲಿಯಲು ಅಷ್ಟು ದೂರ ಹೋಗುವ ಬದಲು, ಕೈಗೆ ಬಂದಿರುವ ಕೆಲಸವನ್ನು ಹತ್ತಿರದಲ್ಲೇ ಗಟ್ಟಿ ಮಾಡಿಕೋ ಅಂತ ನನ್ನ ಮಾತು.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರ ಮಾತು ಕೇಳಲು ಒರಟು. ಆದರೆ ಅದರ ಒಳಗೆ ಒಂದು ನಿಜವಾದ ಭಯ ಇದೆ. ಪಂಪ್‌ಹೌಸ್ ಇರುವುದು ಊರ ಮಧ್ಯೆ ಅಲ್ಲ. ತೋಟದ ತುದಿಯಲ್ಲಿ, ಹಳ್ಳದ ಪಕ್ಕ. ಅಲ್ಲಿಗೆ ಸೊಸೆ ಒಬ್ಬಳೇ ಹೋಗುತ್ತಾಳಾ, ಹೋದರೆ ಯಾರು ಏನನ್ನುತ್ತಾರೆ, ಏನಾದರೂ ಆದರೆ? ಈ ಪ್ರಶ್ನೆಗೆ ‘ಕಾಲ ಬದಲಾಗಿದೆ ಅತ್ತೆ’ ಅಂತ ಹೇಳಿದರೆ ಸಾಲದು. ಉತ್ತರ ನಿನ್ನ ಅಂಗಳದಲ್ಲೇ ನಿಂತಿದೆ. ನಿಮ್ಮ ಮನೆಯವರ ಗೂಡ್ಸ್ ಆಟೋ. ಸುಟ್ಟ ಮೋಟಾರು ಹೇಗೂ ಅಂಗಡಿಗೆ ಬರಲೇಬೇಕು, ವೈಂಡಿಂಗ್ ತೋಟದಲ್ಲಿ ಆಗುವುದಿಲ್ಲ. ಬಿಚ್ಚಿ ತರುವುದು, ವಾಪಸ್ ಕೂರಿಸುವುದು ಅವರು ಮಾಡಲಿ, ಅದಕ್ಕೆ ಅವರದೇ ಬಾಡಿಗೆ ಇರಲಿ. ನೀನು ಹೋಗಲೇಬೇಕಾದ ಕಡೆ ಅವರ ಜೊತೆ, ಹಗಲಿನಲ್ಲೇ ಹೋಗು. ಇದನ್ನು ಅತ್ತೆಯ ಎದುರು ಮನೆಯವರ ಬಾಯಿಂದಲೇ ಹೇಳಿಸು. ನೀನು ಹೇಳಿದರೆ ಸೊಸೆಯ ಹಟ ಅನ್ನಿಸುತ್ತದೆ, ಮಗ ಹೇಳಿದರೆ ಮನೆಯ ವ್ಯವಹಾರ ಅನ್ನಿಸುತ್ತದೆ. ಹೀಗಿರಬಾರದು, ಆದರೆ ನಮ್ಮ ಮನೆಗಳು ಸದ್ಯ ಹೀಗೇ ಇವೆ. ಆ 30 ದಿನ ಮೊಮ್ಮಗಳನ್ನು ನೋಡಿಕೊಳ್ಳಿ ಅಂತ ಮಾತ್ರ ನೀನೇ ಅತ್ತೆಯ ಹತ್ತಿರ ಹೋಗಿ ಕೇಳು. ಆ ಸಹಾಯ ಅವರಿಂದಲೇ ಆಗಬೇಕು, ಅದು ಅವರಿಗೂ ಗೊತ್ತಾಗಲಿ.

ಮನೆಯವರ ಹತ್ತಿರ ಇನ್ನೊಂದು ಮಾತನ್ನು ಶುರುವಿನಲ್ಲೇ ಆಡಿಬಿಡು. ದುಡ್ಡು. ಕೆಪಾಸಿಟರ್ ಹಾಕಿದವಳು ನೀನು, ದುಡ್ಡು ಹೋದದ್ದು ಅವರ ಕೈಗೆ. ಪಕ್ಕದ ಮನೆಯವರು ಕೆಟ್ಟವರಲ್ಲ, ಹೆಂಗಸಿನ ಕೈಗೆ ಕೂಲಿ ಬಿಟ್ಟು ರಿಪೇರಿ ದುಡ್ಡು ಕೊಟ್ಟು ಅವರಿಗೆ ಅಭ್ಯಾಸ ಇಲ್ಲ. ಆ ಅಭ್ಯಾಸ ನೀನೇ ಮಾಡಿಸಬೇಕು. ಬಿಲ್ ಪುಸ್ತಕ ನಿನ್ನ ಹೆಸರಲ್ಲಿ, ಬ್ಯಾಂಕ್ ಖಾತೆ ನಿನ್ನ ಹೆಸರಲ್ಲಿ, ಅಂಗಡಿ ಗೋಡೆಗೆ ಅಂಟಿಸುವ ಫೋನ್‌ಪೇ ಚೀಟಿ ನಿನ್ನ ನಂಬರಿನದು. ಪಂಚಾಯಿತಿಯ ವ್ಯಾಪಾರ ಪರವಾನಗಿಯೂ ನಿನ್ನ ಹೆಸರಿಗೇ ಆಗಲಿ. ಇದು ಗಂಡನ ಮೇಲೆ ಅಪನಂಬಿಕೆ ಅಂತ ಯಾರೂ ತಿಳಿಯಬೇಕಾಗಿಲ್ಲ. ನಾಳೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ನಿನ್ನ ಖಾತೆಯನ್ನೇ.

ಸಾಲ ಅಂದೆ. ಈಗಲೇ ದೊಡ್ಡ ಸಾಲ ಬೇಡ. ಮುಂದೆ ಬೇಕಾದರೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗೆ ಸಾಲ, ಅದರಲ್ಲಿ ಸಬ್ಸಿಡಿ ಕೂಡ ಇದೆ. ವಿಶ್ವಕರ್ಮ ಯೋಜನೆಗೆ ಹಾಕು ಅಂತ ಯಾರಾದರೂ ಹೇಳಿದರೆ ಸುಮ್ನೆ ಅಲೆಯಬೇಡ. ಅದು ಬಡಗಿ, ಕಮ್ಮಾರ, ಗಾರೆ ಕೆಲಸ ಅಂತ 18 ಕಸುಬುಗಳಿಗೆ ಇರುವುದು, ಅದರಲ್ಲಿ ಎಲೆಕ್ಟ್ರಿಕ್ ಕೆಲಸ ಇಲ್ಲ. ನಿನಗೆ ಸಾಮಾನು ಹೇಗೂ ಇದೆ. ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, ಇನ್ಸುಲೇಷನ್ ಪರೀಕ್ಷಿಸುವ ಒಂದು ಮೆಗ್ಗರ್, ಬೇಕಾದಷ್ಟು ತಾಮ್ರದ ತಂತಿ, ವಾರ್ನಿಷ್. ಇಷ್ಟಕ್ಕೆ ನಿಮ್ಮ ಮಹಿಳಾ ಸ್ವಸಹಾಯ ಸಂಘದ ಸಾಲ ಸಾಕು.

ಸಂಘದಲ್ಲಿ ಇದ್ದೀಯ ತಾನೇ? ಇಲ್ಲದಿದ್ದರೆ ಸೇರು. ತರಬೇತಿ ಕೊಡುವವರು ಬೇಕಾದಷ್ಟು ಇದ್ದಾರೆ. ಹೆಂಗಸರು ಸೋಲುವುದು ತರಬೇತಿ ಆದ ಮೇಲೆ. ಸರ್ಟಿಫಿಕೇಟ್ ಗೋಡೆಗೆ ಹೋಗುತ್ತದೆ, ಮೊದಲ ಗಿರಾಕಿ ಬರುವುದೇ ಇಲ್ಲ. ಆ ಮೊದಲ ಹತ್ತು ಕೆಲಸ ಸಂಘದಿಂದ ಬರಬೇಕು. ಸಂಘದ ಪ್ರತಿಯೊಬ್ಬರ ಮನೆಯಲ್ಲೂ ಮಿಕ್ಸಿ ಇದೆ, ಫ್ಯಾನ್ ಇದೆ, ಬಾವಿಗೆ ಸಣ್ಣ ಪಂಪಾದರೂ ಇದೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳು: ನಾನು ಕಲಿಯುತ್ತಿದ್ದೇನೆ, ಕೆಟ್ಟದ್ದನ್ನು ನನಗೇ ಕೊಡಿ. ನಾಚಿಕೆ ಪಡಬೇಡ. ಪಂಚಾಯಿತಿಯ ಸ್ವಚ್ಛ ವಾಹಿನಿ ಓಡಿಸುತ್ತಿರುವ ಹೆಂಗಸರು ಬಂದದ್ದು ಸಂಘಗಳಿಂದಲೇ. ಡ್ರೈವಿಂಗ್ ಕಲಿಸಿದರು, ಕೆಲಸವನ್ನೂ ಕೈಗೆ ಕೊಟ್ಟರು, ಈಗ ಕಸದ ಗಾಡಿಯನ್ನು ಹೆಂಗಸು ಓಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಉತ್ತರ ಪ್ರದೇಶದ ಬಾಂದಾ ಕಡೆ 1990ರ ದಶಕದಲ್ಲೇ ಹಳ್ಳಿಯ ಹೆಂಗಸರು ಬೋರಿನ ಕೈಪಂಪ್ ಬಿಚ್ಚಿ ರಿಪೇರಿ ಮಾಡಲು ಕಲಿತಿದ್ದರು. ಅದನ್ನು ಕಲಿಸಿದ್ದು ಮಹಿಳಾ ಸಮಖ್ಯಾ, ಹಳ್ಳಿ ಹೆಂಗಸರ ಶಿಕ್ಷಣಕ್ಕೆ ಅಂತ ಇದ್ದ ಸರ್ಕಾರದ ಕಾರ್ಯಕ್ರಮ. 1989ರಲ್ಲಿ ಅದು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ನೀರು ಹೊರುವವರೇ ಪಂಪ್ ರಿಪೇರಿ ಕಲಿತರು, ಅದು ಕೆಟ್ಟರೆ ಕಷ್ಟ ಯಾರಿಗೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಊರಿನವರು ಕೇಳುವ ಒಂದು ಪ್ರಶ್ನೆಗೆ ಈಗಲೇ ತಯಾರಾಗಿರು. ‘ಇಷ್ಟು ಭಾರದ ಮೋಟಾರ್ ನೀನು ಎತ್ತುತ್ತೀಯಾ?’ 5 ಎಚ್‌ಪಿ ಮೋಟಾರನ್ನು ಗಂಡಸರೂ ಒಬ್ಬರೇ ಎತ್ತುವುದಿಲ್ಲ. ಇಬ್ಬರು ಹಿಡಿಯುತ್ತಾರೆ, ಇಲ್ಲವೇ ಚೈನ್ ಪುಲ್ಲಿ ಹಾಕುತ್ತಾರೆ. ನೀನೂ ಹಾಗೇ ಮಾಡು. ಕೆಲಸದ ಕಷ್ಟ ಇರುವುದು ಎತ್ತುವುದರಲ್ಲಿ ಅಲ್ಲ. ಸ್ಲಾಟಿಗೆ ಕರೆಂಟ್ ತಡೆಯುವ ಪೇಪರ್ ಸರಿಯಾಗಿ ಕೂರಿಸಬೇಕು, ತಂತಿಯ ಮೇಲಿನ ಲೇಪ ಎಲ್ಲೂ ಗೀರದ ಹಾಗೆ ಒಂದೊಂದೇ ಎಳೆ ಒಳಗೆ ಇಳಿಸಬೇಕು, ಸುತ್ತಿನ ಲೆಕ್ಕ ತಪ್ಪಬಾರದು. ಮಳೆಗಾಲದಲ್ಲಿ ವಾರ್ನಿಷ್ ಒಣಗುವುದಿಲ್ಲ, ಬಲ್ಬ್ ಇಟ್ಟು ಒಣಗಿಸಬೇಕು. ಅಪ್ಪ ಮಾಡುತ್ತಿದ್ದದ್ದು ನೆನಪಿರಬಹುದು. ಅವಸರ ಮಾಡಿ ಹಸಿ ಮೋಟಾರ್ ಕೊಟ್ಟರೆ ಅದು ವಾಪಸ್ ಬರುತ್ತದೆ, ಹೆಂಗಸು ಕಟ್ಟಿದ ವೈಂಡಿಂಗ್ ಅನ್ನುವ ಮಾತೂ ಜೊತೆಗೆ ಬರುತ್ತದೆ. ಗಂಡಸು ತಪ್ಪಿದರೆ ಅವನೊಬ್ಬ ತಪ್ಪಿದ ಹಾಗೆ, ನೀನು ತಪ್ಪಿದರೆ ಹೆಂಗಸರೆಲ್ಲ ತಪ್ಪಿದ ಹಾಗೆ ನೋಡುತ್ತಾರೆ. ಇದು ಅನ್ಯಾಯ, ನನಗೆ ಸಿಟ್ಟೂ ಬರುತ್ತದೆ. ಆದರೂ ಮೊದಲ ವರ್ಷ ಇದನ್ನು ತಿಳಿದೇ ಕೆಲಸ ಮಾಡು. ಮೋಟಾರ್ ಕೊಡುವಾಗ ಯಾಕೆ ಸುಟ್ಟಿತು ಅಂತ ಬಿಡಿಸಿ ಹೇಳು. ವೋಲ್ಟೇಜ್ ಬಿದ್ದಾಗ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಮೂರರಲ್ಲಿ ಒಂದು ಫೇಸ್ ಹೋದರೂ ಸುಡುತ್ತದೆ. ಸ್ಟಾರ್ಟರಿಗೆ ಪ್ರಿವೆಂಟರ್ (ಫೇಸ್ ಹೋದಾಗ ಮೋಟಾರನ್ನು ತಾನೇ ನಿಲ್ಲಿಸುವ ಸಾಧನ) ಹಾಕಿಸಿ ಅಂತ ಹೇಳಿ ಕಳಿಸಿದರೆ, ಗಿರಾಕಿ ಮುಂದಿನ ಸಲವೂ ನಿನ್ನನ್ನೇ ಹುಡುಕಿಕೊಂಡು ಬರುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ಯಾರು ಒತ್ತಾಯ ಮಾಡಿದರೂ ಬಗ್ಗಬೇಡ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ, ಕಂಬದ ಹತ್ತಿರ ಕೈ ಹಾಕಬೇಡ. ಫ್ಯೂಸ್ ಹೋಗಿದೆ, ಲೈನ್‌ಮ್ಯಾನ್ ಬರುವಷ್ಟರಲ್ಲಿ ತೋಟ ಒಣಗುತ್ತದೆ, ನೀನೇ ಹಾಕಿಬಿಡು ಅನ್ನುವವರು ಬರುತ್ತಾರೆ. ಅದು ಮೆಸ್ಕಾಂನವರ ಕೆಲಸ. ತ್ರೀ ಫೇಸ್ ಅಂದರೆ 400 ವೋಲ್ಟಿನ ಕರೆಂಟ್, ಒದ್ದೆ ನೆಲದಲ್ಲಿ ನಿಂತವರನ್ನು ಬಿಡುವುದಿಲ್ಲ. ಪಂಪ್‌ಹೌಸಿನಲ್ಲೂ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮುಟ್ಟು. ನಿಮ್ಮ ಮನೆಯವರಿಗೂ ಇದನ್ನು ಕಲಿಸು, ಬಿಚ್ಚಿ ತರುವವರು ಅವರೇ ತಾನೇ.

ಸಮಯದ ಲೆಕ್ಕ ಹೀಗೆ ಹಾಕಿಕೋ. ನಮ್ಮಲ್ಲಿ ಮೋಟಾರ್ ಜಾಸ್ತಿ ಓಡುವುದು, ಸುಡುವುದು ಜನವರಿಯಿಂದ ಮೇ ತನಕ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ, ವೈಂಡಿಂಗ್ ಕೆಲಸವೂ ಕಡಿಮೆ. ತರಬೇತಿಗೆ ಅದೇ ಹೊತ್ತು. ಅಡಿಕೆ ಕೊಯ್ಲು ಶುರುವಾಗುವ ಮೊದಲು ಅಂಗಡಿ ಬಾಗಿಲು ತೆರೆದಿರಲಿ, ಅಲ್ಲಿಯವರೆಗೆ ಸಂಘದವರ ಮಿಕ್ಸಿ, ಫ್ಯಾನಿನಲ್ಲಿ ಕೈ ಪಳಗಲಿ. ಆಧಾರ್, ರೇಷನ್ ಕಾರ್ಡ್, ಅಂಕಪಟ್ಟಿ, ಪಾಸ್‌ಬುಕ್, ಇವುಗಳ ಜೆರಾಕ್ಸ್ ಮತ್ತು ನಾಲ್ಕು ಫೋಟೋ ಈಗಲೇ ಎತ್ತಿಡು. ಬ್ಯಾಂಕಿನಲ್ಲಿ ಕೇಳಿದರೆ ಆರ್‌ಸೆಟಿಯ ಫೋನ್ ನಂಬರ್ ಕೊಡುತ್ತಾರೆ. ಮುಂದಿನ ವೈಂಡಿಂಗ್ ಬ್ಯಾಚ್ ಯಾವಾಗ, ಹೆಂಗಸರು ಎಷ್ಟು ಜನ ಹೆಸರು ಕೊಟ್ಟಿದ್ದಾರೆ ಅಂತ ಕೇಳು. ನೀನೊಬ್ಬಳೇ ಆದರೆ ಸಂಘದಿಂದ ಇನ್ನೊಬ್ಬಳನ್ನು ಹೊರಡಿಸು. ಹಾಸ್ಟೆಲಿಗೂ ಜೊತೆ ಆಗುತ್ತದೆ, ನಾಳೆ ಅಂಗಡಿಗೂ ಇನ್ನೆರಡು ಕೈ ಬೇಕಾಗುತ್ತದೆ.