ಬಿ.ಪಿ. ಇದ್ದವರ ಓ.ಟಿ. ನಿಲ್ಲಿಸಿದರೆ ಕ್ಯಾಂಪಿಗೆ ಯಾರು ಬರುತ್ತಾರೆ?

ಪುಣೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಊರು ಕುಂದಾಪುರದ ಕಡೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಪ್ರೆಸ್ ಶಾಪ್, ಅಂದರೆ ಯಂತ್ರದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆ, ಇದೆ, ಅರವತ್ತು ಚಿಲ್ಲರೆ ಜನ ಕೆಲಸಕ್ಕಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಒಂದು ಏಜೆನ್ಸಿಯವರು ಬಂದು ವೆಲ್‌ನೆಸ್ ಪ್ಯಾಕೇಜ್ ತೋರಿಸಿದ್ದಾರೆ. ಮೊಬೈಲ್ ಆ್ಯಪ್, ವಾರಕ್ಕೊಮ್ಮೆ ಯೋಗ, ಹೆಜ್ಜೆ ಎಣಿಸುವ ಸ್ಪರ್ಧೆ, ವರ್ಷಕ್ಕೊಂದು ಹೆಲ್ತ್ ಕ್ಯಾಂಪ್. 'ಒಂದು ರೂಪಾಯಿ ಹಾಕಿದರೆ ಮೂರು ರೂಪಾಯಿ ವಾಪಸ್' ಎಂದು ಅವರ ಪುಸ್ತಿಕೆಯಲ್ಲಿದೆಯಂತೆ. ಹಿಂಜವಡಿಯ ಐಟಿ ಕಂಪನಿಯಲ್ಲಿರುವ ಮಗಳು 'ನಮ್ಮಲ್ಲೂ ಇದೆ ಅಪ್ಪ, ಮಾಡಿಸಿ' ಅನ್ನುತ್ತಾಳೆ. ಮನೆಯವರು 'ಆ ದುಡ್ಡನ್ನು ಸಂಬಳಕ್ಕೆ ಸೇರಿಸಿ' ಅನ್ನುತ್ತಾರೆ. ಹೋದ ವರ್ಷ ಇವರೇ ಒಂದು ಕ್ಯಾಂಪ್ ಮಾಡಿಸಿದ್ದರು. ಎಂಟು ಜನರಿಗೆ ಬಿ.ಪಿ. ಜಾಸ್ತಿ ಬಂತು. ರಿಪೋರ್ಟ್ ಸೂಪರ್‌ವೈಸರ್ ಕೈಗೆ ಹೋಯಿತು, ಅವರು ಒಳ್ಳೆಯದಕ್ಕೇ ಎಂದು ಆ ಎಂಟೂ ಜನರ ಓ.ಟಿ. (ಓವರ್‌ಟೈಮ್, ಹೆಚ್ಚುವರಿ ಹೊತ್ತಿನ ಕೆಲಸ) ನಿಲ್ಲಿಸಿದರು. ಈ ವರ್ಷ ಮತ್ತೆ ಕ್ಯಾಂಪ್ ಇಟ್ಟರೆ ಆಫೀಸಿನ ನಾಲ್ಕು ಜನ ಬಿಟ್ಟು ಶಾಪ್‌ನಿಂದ ಒಬ್ಬರೂ ಬರಲಿಲ್ಲ. 'ಇವರಿಗೇ ತಮ್ಮ ಆರೋಗ್ಯದ ಕಾಳಜಿ ಇಲ್ಲ, ನಾನು ಯಾಕೆ ಖರ್ಚು ಮಾಡಲಿ?' ಇದು ಅವರ ಪ್ರಶ್ನೆ.

ನಮಸ್ಕಾರ.

ಅವರಿಗೆ ಕಾಳಜಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಓ.ಟಿ.ಗೆ ಡಬಲ್ ರೇಟ್ ಸಿಗುತ್ತದೆ. ಅದೇ ದುಡ್ಡಲ್ಲಿ ಖೋಲಿ ಬಾಡಿಗೆ ಕಟ್ಟಿ, ಊರಿಗೆ ಕಳಿಸಿ, ಮಗುವಿನ ಫೀಸು ತುಂಬುವವನಿಗೆ ಹೋದ ವರ್ಷದ ಕ್ಯಾಂಪ್ ಏನು ಕಲಿಸಿತು? ತೋಳು ಚಾಚಿದರೆ ಸಂಬಳ ಕಡಿಮೆಯಾಗುತ್ತದೆ ಎಂದು. ಬರಲಿಲ್ಲ, ಅಷ್ಟೇ. ಅವನ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ, ನೀವೂ ಬರುತ್ತಿರಲಿಲ್ಲ.

ಅದಿರಲಿ, ಆ ಎಂಟು ಜನರ ಬಿ.ಪಿ. ನಿಜಕ್ಕೂ ಜಾಸ್ತಿ ಇತ್ತಾ ಎಂಬುದೇ ನನಗೆ ಅನುಮಾನ. ಕ್ಯಾಂಪ್ ಹೇಗೆ ನಡೆಯಿತು ಎಂದು ನೀವೇ ಬರೆದಿದ್ದೀರಿ. ಲೋಡಿಂಗ್ ಜಾಗದಲ್ಲಿ ಟೇಬಲ್ ಹಾಕಿ, ಪಕ್ಕದಲ್ಲಿ ಪ್ರೆಸ್ ಓಡುತ್ತಿರುವಾಗಲೇ, ಚಹಾ ವಿರಾಮದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡಿದರು ಎಂದು. ಬಿ.ಪಿ. ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂರಬೇಕು. ಅರ್ಧ ಗಂಟೆ ಚಹಾ, ಬೀಡಿ, ತಂಬಾಕು ಬೇಡ. ಬೆನ್ನಿಗೆ ಆಸರೆ ಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಬಾರದು, ನೋಡುವಾಗ ಮಾತಾಡಬಾರದು. ಬೆಳಗ್ಗೆಯಿಂದ ನಿಂತು ಕೆಲಸ ಮಾಡಿ, ಬಾಯಲ್ಲಿ ತಂಬಾಕು ಇಟ್ಟುಕೊಂಡು, ಗದ್ದಲದಲ್ಲಿ ನಿಂತವನ ಬಿ.ಪಿ. ಏರದೆ ಇನ್ನೇನು? ಒಂದು ಸಲ 140/90 ದಾಟಿದ ಮಾತ್ರಕ್ಕೆ ಕಾಯಿಲೆ ಎಂದು ಹೇಳುವುದಿಲ್ಲ, ಬೇರೆ ದಿನ ಮತ್ತೆ ನೋಡಬೇಕು. ಹಾಗೆ ನೋಡಿಯೂ ಜಾಸ್ತಿ ಬಂದರೆ ಆಗ ಮಾತ್ರೆ. ಅದೇನೂ ದುಬಾರಿಯಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಕೊಡುತ್ತಾರೆ, ಆದರೆ ದಿನಾ ನುಂಗಬೇಕು, ವರ್ಷಗಟ್ಟಲೆ. ಬಿ.ಪಿ. ನೋವು ಕೊಡುವುದಿಲ್ಲವಾದ್ದರಿಂದ ಜನ ನಡುವೆ ಬಿಟ್ಟುಬಿಡುತ್ತಾರೆ. ಕ್ಯಾಂಪಿನ ನಿಜವಾದ ಕೆಲಸ ಕ್ಯಾಂಪ್ ಮುಗಿದ ಮೇಲೆ ಶುರುವಾಗುತ್ತದೆ. ನಿಮ್ಮ ಏಜೆನ್ಸಿಯ ಪುಸ್ತಿಕೆಯಲ್ಲಿ ಅದರ ಬಗ್ಗೆ ಒಂದು ಸಾಲಾದರೂ ಇದೆಯಾ, ನೋಡಿ.

ಇನ್ನು ಆ ಮೂರು ರೂಪಾಯಿ ಲೆಕ್ಕ. ಈ ಮಾತಿನ ಹಿಂದೆ ಹೆಚ್ಚಾಗಿ ಇರುವುದು 2010ರಲ್ಲಿ ಅಮೆರಿಕದ ಸಂಶೋಧಕರು ಬರೆದ ಒಂದು ಲೇಖನ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ, ವೆಲ್‌ನೆಸ್‌ಗೆ ಹಾಕಿದ ಪ್ರತಿ ಡಾಲರಿಗೆ ವೈದ್ಯಕೀಯ ಖರ್ಚಿನಲ್ಲಿ ಸುಮಾರು 3.27 ಡಾಲರ್ ಉಳಿಯುತ್ತದೆ ಎಂದು ಅದರಲ್ಲಿ ಹೇಳಿದ್ದರು. ಮುಂದೆ ಆಗಿದ್ದನ್ನು ಪುಸ್ತಿಕೆಯವರು ಹೇಳುವುದಿಲ್ಲ. ಆ ಲೇಖನ ಬರೆದ ಮೂವರಲ್ಲಿ ಇಬ್ಬರು, ಕ್ಯಾಥರೀನ್ ಬೈಕರ್ ಮತ್ತು ಜಿರುಯಿ ಸಾಂಗ್, ಆಮೇಲೆ ತಾವೇ ಒಂದು ದೊಡ್ಡ ಪ್ರಯೋಗ ಮಾಡಿದರು. ಬಿಜೆಸ್ ಎಂಬ ಸಗಟು ಮಳಿಗೆ ಕಂಪನಿ, ಸುಮಾರು 33,000 ನೌಕರರು, 160 ಮಳಿಗೆ. ಚೀಟಿ ಎತ್ತಿದ ಹಾಗೆ ಕೆಲವು ಮಳಿಗೆಗಳಲ್ಲಿ ಮಾತ್ರ ಕಾರ್ಯಕ್ರಮ ನಡೆಸಿದರು. ಒಂದೂವರೆ ವರ್ಷದ ಮೇಲೆ ನೋಡಿದರೆ ಅಲ್ಲಿನವರು 'ವ್ಯಾಯಾಮ ಮಾಡುತ್ತೇವೆ, ತೂಕದ ಕಡೆ ಗಮನ ಕೊಡುತ್ತೇವೆ' ಎಂದು ಜಾಸ್ತಿ ಹೇಳಿದರು, ಆದರೆ ಬಿ.ಪಿ., ಕೊಲೆಸ್ಟ್ರಾಲ್, ಆಸ್ಪತ್ರೆ ಖರ್ಚು, ಗೈರುಹಾಜರಿ, ಯಾವುದರಲ್ಲೂ ಗಮನಕ್ಕೆ ಬರುವಷ್ಟು ವ್ಯತ್ಯಾಸ ಸಿಗಲಿಲ್ಲ. 2019ರಲ್ಲಿ ಅದನ್ನು ಹಾಗೇ ಪ್ರಕಟಿಸಿದರು. ಆ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು ಐದು ಸಾವಿರ ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ಖರ್ಚು ಇಳಿಯಲಿಲ್ಲ. ಹಳೆಯ ಲೆಕ್ಕ ಯಾಕೆ ತಪ್ಪುತ್ತದೆ ಎಂಬುದೂ ಅಲ್ಲಿ ಗೊತ್ತಾಯಿತು: ತಾವಾಗಿ ಬಂದು ಸೇರುವವರು ಮೊದಲೇ ಗಟ್ಟಿಯಾಗಿರುವವರು, ಅವರ ಆಸ್ಪತ್ರೆ ಖರ್ಚು ಮೊದಲೇ ಕಡಿಮೆ. ನಿಮ್ಮ ಕ್ಯಾಂಪಿಗೆ ಬಂದ ಆಫೀಸಿನ ನಾಲ್ಕು ಜನ ನೆನಪಾಗುತ್ತಾರೆ ಅಲ್ವಾ? ಹಾಗಂತ ಅಲ್ಲಿ ಏನೂ ಆಗಲಿಲ್ಲ ಎಂದಲ್ಲ. ತಪಾಸಣೆ ಮಾಡಿಸಿಕೊಂಡವರು ಹೆಚ್ಚಾದರು, 'ಕಂಪನಿಗೆ ನಮ್ಮ ಆರೋಗ್ಯ ಮುಖ್ಯ' ಎಂದು ನಂಬಿದವರೂ ಹೆಚ್ಚಾದರು. ಇವೆರಡೂ ಸಣ್ಣ ಮಾತಲ್ಲ.

ಇನ್ನೊಂದು ವಿಷಯ. ಅಮೆರಿಕದಲ್ಲಿ ನೌಕರನ ವಿಮೆಯ ಹೊರೆಯ ದೊಡ್ಡ ಪಾಲು ಕಂಪನಿಯ ಮೇಲೆ ಬೀಳುತ್ತದೆ. ಹಾಗಾಗಿ 'ಖರ್ಚು ಉಳಿಯುತ್ತದೆ' ಎಂಬ ಮಾತಿಗೆ ಅಲ್ಲಿ ಅರ್ಥ ಇದೆ. ನಿಮ್ಮಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್‌ಐಗೆ, ಅಂದರೆ ಸರ್ಕಾರದ ಕಾರ್ಮಿಕ ವಿಮೆಗೆ, ಬರುತ್ತಾರೆ. ನೀವು ಸಂಬಳದ ಶೇ. 3.25 ಕಟ್ಟುತ್ತೀರಿ, ಅವರಿಂದ ಶೇ. 0.75 ಹೋಗುತ್ತದೆ. ಅವರು ಗಟ್ಟಿಮುಟ್ಟಾಗಿದ್ದರೂ ಅಷ್ಟೇ, ಕಾಯಿಲೆ ಬಿದ್ದರೂ ಅಷ್ಟೇ. ಆಸ್ಪತ್ರೆ ಖರ್ಚಿನಲ್ಲಿ ನಿಮಗೆ ಉಳಿಯುವುದು ಏನೂ ಇಲ್ಲ. ನಿಮ್ಮ ಲಾಭ ಬೇರೆ ಕಡೆ ಇದೆ: ಹೇಳದೆ ಕೇಳದೆ ರಜೆ ಹಾಕುವುದು ಕಡಿಮೆಯಾಗುತ್ತದೆ, ಕೆಲಸ ಕಲಿತ ಆಪರೇಟರ್ ಪಕ್ಕದ ಶಾಪಿಗೆ ಓಡುವುದಿಲ್ಲ, ರಿಜೆಕ್ಷನ್ (ಸರಿಯಿಲ್ಲ ಎಂದು ತಿರಸ್ಕಾರವಾಗುವ ಮಾಲು) ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರೆಸ್ ಮುಂದೆ ನಿದ್ದೆಗಣ್ಣಲ್ಲಿ ನಿಂತವನ ಬೆರಳು ಹೋಗಲು ಒಂದು ಕ್ಷಣ ಸಾಕು. ಆ ಬೆರಳು ಉಳಿದರೆ ಅದನ್ನು ಯಾವ ಪುಸ್ತಿಕೆಯ ಲೆಕ್ಕಕ್ಕೆ ಸೇರಿಸುತ್ತೀರಿ?

ಇಎಸ್‌ಐ ಬಗ್ಗೆ ನಿಮ್ಮ ಕೆಲಸಗಾರರಿಗೆ ಎಷ್ಟು ಗೊತ್ತು? ವಿಮೆ ನಂಬರ್ ಇದ್ದೂ ಒಂದು ದಿನವೂ ಅಲ್ಲಿ ಕಾಲಿಡದವರು ಬೇಕಾದಷ್ಟು ಜನ ಇದ್ದಾರೆ. ಚಿಂಚವಡದ ಮೋಹನನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ನಿಮಗೆ ದೂರ ಏನಲ್ಲ. ಕಾಯಿಲೆ ಬಿದ್ದು ರಜೆ ಹಾಕಿದರೆ, ಅರ್ಹತೆ ಇದ್ದವರಿಗೆ ಸಂಬಳದ ಶೇ. 70ರಂತೆ ವರ್ಷಕ್ಕೆ 91 ದಿನಗಳವರೆಗೆ ದುಡ್ಡು ಬರುತ್ತದೆ. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಇದೆ. ನೀವು ಈಗಾಗಲೇ ದುಡ್ಡು ಕಟ್ಟುತ್ತಿರುವ ವೆಲ್‌ನೆಸ್ ಪ್ರೋಗ್ರಾಂ ಇದು. ಕಾರ್ಡ್, ಫಾರಂ, ಡಿಸ್ಪೆನ್ಸರಿ ಎಲ್ಲ ಗೊತ್ತಿರುವ ಒಬ್ಬ ಹುಡುಗನನ್ನು ಆಫೀಸಿನಲ್ಲಿ ಅದಕ್ಕೆಂದೇ ವಾರಕ್ಕೆ ಒಂದು ಮಧ್ಯಾಹ್ನ ಕೂರಿಸಿ. ಆ್ಯಪ್‌ಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ. ಸೂಪರ್‌ವೈಸರ್ ಹೆದರಿದ್ದರಲ್ಲೂ ಅರ್ಥ ಇದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಲಕ್ವ ಹೊಡೆಯುವ ಅಪಾಯ ಶೇ. 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಸೇರಿ ಪ್ರಕಟಿಸಿವೆ. ಭೋಸರಿ, ಚಾಕಣ್ ಕಡೆ ಹನ್ನೆರಡು ಗಂಟೆಯ ಡ್ಯೂಟಿ ಹೊಸದಲ್ಲ. ಆರು ದಿನ ಹಾಗೆ ಮಾಡಿದರೆ 72 ಗಂಟೆ. ಆದರೆ ತೋಳು ಚಾಚಿದವನ ಓ.ಟಿ. ಮಾತ್ರ ಕಿತ್ತುಕೊಳ್ಳುವುದು ಪರಿಹಾರ ಅಲ್ಲ. ಎಲ್ಲರ ಓ.ಟಿ.ಯನ್ನೂ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಉಳಿದ ಡಬಲ್ ರೇಟಿನ ದುಡ್ಡಲ್ಲಿ ಒಂದು ಪಾಲನ್ನು ಮೂಲ ಸಂಬಳಕ್ಕೆ ಹಾಕಿ, ಇನ್ನೊಂದರಲ್ಲಿ ನಾಲ್ಕು ಜನರನ್ನು ಹೆಚ್ಚಿಗೆ ತೆಗೆದುಕೊಳ್ಳಿ. ಹನ್ನೊಂದನೇ ಗಂಟೆಯ ಸುಸ್ತಾದ ಕೈಗೆ ನೀವು ಡಬಲ್ ಕೊಡುತ್ತಿದ್ದೀರಿ, ಅದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಒಂದೇ ತಿಂಗಳಲ್ಲಿ ಆಗುವ ಕೆಲಸ ಅಲ್ಲ, ಆರ್ಡರ್ ಒತ್ತಡ ನಿಮಗೇ ಗೊತ್ತು. ಆದರೂ ಶುರು ಇಲ್ಲಿಂದಲೇ ಆಗಬೇಕು.

ಮುಂಬಯಿಯಲ್ಲಿ ಕೂತು ಬರೆಯುವವನಿಗೆ ಇದು ಹೊಸ ಮಾತೂ ಅಲ್ಲ. ಇಲ್ಲಿನ ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ರಜೆಯೂ ಗಟ್ಟಿಯಾಗಿ ಇರಲಿಲ್ಲ. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಭಾನುವಾರದ ರಜೆ ಸಿಕ್ಕಿತು. ಜಮ್ಶೆಡ್‌ಪುರದಲ್ಲಿ ಟಾಟಾದವರು 1912ರಲ್ಲೇ ಎಂಟು ಗಂಟೆಯ ದಿನ ತಂದರು, ಕಾನೂನು ಕೇಳುವ ಎಷ್ಟೋ ವರ್ಷ ಮೊದಲು. ನಮ್ಮವರದೇ ಉದಾಹರಣೆ ಬೇಕಾದರೆ, ಇಲ್ಲಿನ ಉಡುಪಿ ಹೋಟೆಲುಗಳ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಆಫೀಸು ಸೇರಿದ್ದು ನಿಮಗೆ ಗೊತ್ತೇ ಇದೆ. ಶಾಲೆ ಇತ್ತು ಎಂಬುದರ ಜೊತೆಗೆ, ಸಂಜೆ ಗಿರಾಕಿ ಜಾಸ್ತಿ ಇರುವ ಹೊತ್ತಲ್ಲೇ 'ಹೋಗು, ಕ್ಲಾಸಿಗೆ ಹೊತ್ತಾಯಿತು' ಎಂದು ಬಿಟ್ಟು ಕೊಟ್ಟ ಮಾಲೀಕರಿದ್ದರು. ಊಟ, ಮಲಗಲು ಜಾಗ ಅವರೇ ಕೊಡುತ್ತಿದ್ದರು. ಅಲ್ಲೂ ದುಡಿತ ಕಡಿಮೆ ಇರಲಿಲ್ಲ, ಎಲ್ಲ ಮಾಲೀಕರೂ ಹಾಗಿರಲಿಲ್ಲ. ಆದರೆ ಬಿಟ್ಟವರ ಹೋಟೆಲಿನ ಹುಡುಗರು ಅವರನ್ನು ಇವತ್ತಿಗೂ ನೆನೆಯುತ್ತಾರೆ.

ನಿಮ್ಮ ಮಗಳಿಗೂ ಒಂದು ಮಾತು. ಹಿಂಜವಡಿಯ ಟ್ರಾಫಿಕ್‌ನಲ್ಲಿ ಹೋಗಿ ಬರುವುದರಲ್ಲೇ ದಿನ ಕಳೆದು, ರಾತ್ರಿ ಕಾಲ್ ಮುಗಿಸಿ ಮಲಗುವವರಿಗೆ ಧ್ಯಾನದ ಆ್ಯಪ್ ಕೊಟ್ಟರೆ ಅರ್ಧ ಗಂಟೆ ಹಗುರ ಅನ್ನಿಸಬಹುದು. ಖಿನ್ನತೆ, ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2022ರಲ್ಲಿ ಅದು ಕೊಟ್ಟ ಸಲಹೆಗಳಲ್ಲಿ ಕೆಲಸದ ಒತ್ತಡವನ್ನೇ ಸರಿಪಡಿಸುವುದು, ಮ್ಯಾನೇಜರುಗಳಿಗೆ ತರಬೇತಿ ಕೊಡುವುದು ಇವೆಲ್ಲ ಇವೆ. ನಿಮ್ಮ ಮಗಳ ಕಂಪನಿಯಲ್ಲಿ ಮ್ಯಾನೇಜರಿಗೆ ತರಬೇತಿ ಇದೆಯಾ, ಕೇಳಿ. ಕಂಪನಿಯ ಕೌನ್ಸೆಲರ್ ಹತ್ತಿರ ಹೇಳಲು ಮುಜುಗರ ಆದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ನಿಮ್ಮ ಶಾಪಿನ ನೋಟಿಸ್ ಬೋರ್ಡಿಗೂ ಹಾಕಿ, ಮರಾಠಿ, ಹಿಂದಿಯಲ್ಲಿ.

ಮುಂದಿನ ಕ್ಯಾಂಪ್ ಮಾಡುವಿರಾದರೆ ಹೀಗೆ ಮಾಡಿ. ಆಫೀಸಿನ ಒಳಗಿನ ಕೋಣೆಯಲ್ಲಿ, ಶಿಫ್ಟ್ ಹೊತ್ತಲ್ಲೇ, ಹಾಜರಿ ಹಾಕಿಕೊಂಡು. ರಿಪೋರ್ಟ್ ಲಕೋಟೆಯಲ್ಲಿ ಅವರವರ ಕೈಗೇ ಹೋಗಲಿ. ನಿಮಗೆ ಬರುವುದು ಎಷ್ಟು ಜನರಿಗೆ ಏನಿದೆ ಎಂಬ ಒಟ್ಟು ಲೆಕ್ಕ ಮಾತ್ರ, ಹೆಸರು ಬೇಡ. ಆಸ್ಪತ್ರೆಗೆ ಹೋಗಬೇಕಾದವರಿಗೆ ಸಂಬಳ ಸಮೇತ ಅರ್ಧ ದಿನ ರಜೆ ಕೊಡಿ. ಕ್ಯಾಂಪಿಗೆ ಮೊದಲೇ ಆ ಎಂಟು ಜನರನ್ನು ಕರೆದು, ಓ.ಟಿ. ವಾಪಸ್ ಕೊಟ್ಟು, ರಿಪೋರ್ಟ್ ನೋಡಿ ಇನ್ನು ಯಾರ ದುಡ್ಡೂ ಕಡಿಮೆ ಮಾಡುವುದಿಲ್ಲ ಎಂದು ನೀವೇ ಎಲ್ಲರ ಮುಂದೆ ಹೇಳಿ. ಸೂಪರ್‌ವೈಸರ್ ಬಾಯಲ್ಲಿ ಹೇಳಿಸಬೇಡಿ. ಯೋಗ ಬೇಕಿದ್ದರೆ ಇರಲಿ, ಅದೂ ಡ್ಯೂಟಿ ಹೊತ್ತಲ್ಲಿ, ಇಷ್ಟ ಇದ್ದವರಿಗೆ. ಹೆಜ್ಜೆ ಎಣಿಸುವ ಸ್ಪರ್ಧೆ ಮಾತ್ರ ಬೇಡ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಬೇಕಾಗಿರುವುದು ಕೂರಲು ಸ್ಟೂಲು. ಮೊದಲು ಅದನ್ನು ತರಿಸಿ.

ಭೋಸರಿ, ಚಾಕಣ್, ಅಂಬರನಾಥ, ವೆರ್ಣಾ ಕಡೆ ಸಣ್ಣ ಕಾರ್ಖಾನೆ ನಡೆಸುವ ಓದುಗರು ಯಾರಾದರೂ ಓ.ಟಿ. ಇಳಿಸಿ ಸಂಬಳ ಏರಿಸಿದ್ದರೆ ದಯವಿಟ್ಟು ಬರೆಯಿರಿ. ಏನು ಕಷ್ಟ ಬಂತು ಎಂಬುದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.

– ಸಂಪಾದಕ